ಮುಗಿದ ಕಾಮಗಾರಿಗೆ ಯಾರು ಸಾಕ್ಷಿ?

ಹೊಸ ಕಟ್ಟಡದ ಫೋಟೊ ತೆಗೆಯುವವರು ಶಹಾಪುರದಲ್ಲಾಗಲಿ ಸುರಪುರದಲ್ಲಾಗಲಿ ಸಂಜೆಯನ್ನೇ ಕಾಯುತ್ತಾರೆ. ಈ ಸೀಮೆಯ ಮಧ್ಯಾಹ್ನದ ಬಿಸಿಲಿಗೆ ಗೋಡೆಯ ಬಣ್ಣ ಬಿಳಿಚಿಕೊಳ್ಳುತ್ತದೆ. ಛಜ್ಜಾದ ನೆರಳು ಕಿಟಕಿಯ ಮೇಲೆ ಕರ್ರಗೆ ಬಿದ್ದು ಅರ್ಧ ಮುಖವನ್ನೇ ನುಂಗುತ್ತದೆ. ಹೊತ್ತು ಮುಳುಗಿ ಆಕಾಶ ಇನ್ನೂ ನೀಲಿಯಾಗಿರುವಾಗ ಒಳಗಿನ ದೀಪಗಳನ್ನೆಲ್ಲ ಹಾಕಿದರೆ, ಸ್ವಲ್ಪ ಹೊತ್ತು ಒಳಬೆಳಕೂ ಹೊರಬೆಳಕೂ ಸಮಸಮವಾಗಿ ನಿಲ್ಲುತ್ತವೆ. ಅಷ್ಟರೊಳಗೆ ಕೆಲಸ ಮುಗಿಯಬೇಕು. ಕ್ಯಾಮೆರಾ ಟ್ರೈಪಾಡಿನ ಮೇಲೆ ನೆಟ್ಟಗೆ ಕೂರಬೇಕು, ತುಸು ಮೇಲಕ್ಕೆ ಬಾಗಿದರೂ ಗೋಡೆಗಳು ಹಿಂದಕ್ಕೆ ವಾಲಿದಂತೆ ಬರುತ್ತವೆ. ಅಂಗಳದ ಫರಸಿಗೆ ನೀರು ಹೊಡೆದರೆ ದೀಪಗಳ ಬಿಂಬ ಮೂಡುತ್ತದೆ. ಪಕ್ಕದಲ್ಲಿ ನಿಂತ ಗುತ್ತೇದಾರರು, "ಆ ಕರೆಂಟ್ ಕಂಬ ಬರಬಾರ್ದು ನೋಡ್ರಿ, ಉಸುಕಿನ ರಾಶಿನೂ ಬ್ಯಾಡ" ಎನ್ನುತ್ತಾರೆ. ಶಹಾಪುರವಾದರೆ, ಮಲಗಿದ ಬುದ್ಧನ ಬೆಟ್ಟ ಹಿಂದೆ ಕಾಣುವ ಹಾಗೆ ಜಾಗ ಹುಡುಕುವುದೂ ಉಂಟು.

ಆ ಹೊತ್ತಿಗೆ ಅಲ್ಲಿ ಇರದವರು ಕಟ್ಟಿದವರು. ಗೌಂಡಿಗಳು ಬೇರೆ ಸೈಟಿಗೆ ಹೋಗಿರುತ್ತಾರೆ. ಕಂಬಿ ಕಟ್ಟಿದವರು, ಸೆಂಟ್ರಿಂಗ್ ಹಲಗೆ ಹೊತ್ತವರು, ಹದಿನೈದು ದಿನ ಸ್ಲ್ಯಾಬಿಗೆ ನೀರು ಕಟ್ಟಿದ ಕಾವಲುಗಾರ, ಯಾರೂ ಇರುವುದಿಲ್ಲ. ಚಿತ್ರ ಚೊಕ್ಕಟವಾಗಿ ಬರುತ್ತದೆ, ಅದರಲ್ಲಿ ಒಬ್ಬ ಮನುಷ್ಯನೂ ಇರುವುದಿಲ್ಲ.

ಇದು ವ್ಯಾಪಾರದ ಚಿತ್ರ, ಇದಕ್ಕೆ ತತ್ತ್ವಜ್ಞಾನ ಏಕೆ ಬೇಕು ಎಂದು ಕೇಳಬಹುದು. ಬೇಕು. ಏಕೆಂದರೆ ಈ ಚಿತ್ರ ಒಂದು ಮಾತನ್ನು ಹೇಳುತ್ತದೆ: ಕೆಲಸ ಮುಗಿದಿದೆ, ಚೆನ್ನಾಗಿ ಮುಗಿದಿದೆ, ಮುಗಿಸಿದವರು ಇವರು. ಈ ಮೂರರಲ್ಲಿ ಎಷ್ಟು ನಿಜವನ್ನು ಚಿತ್ರ ನಿಜವಾಗಿ ಹೊರಬಲ್ಲದು? ಒಂದು ವಸ್ತುವನ್ನು ಕಂಡು "ಇದು ಹೀಗಿದೆ" ಎಂದು ಒಪ್ಪಲು ಮನುಷ್ಯನಿಗೆ ಯಾವ ಆಧಾರ ಸಾಕು? ಭಾರತದ ದರ್ಶನಗಳು ಶತಮಾನಗಳ ಕಾಲ ಕಾದಾಡಿದ್ದು ಇದೇ ಪ್ರಶ್ನೆಯ ಮೇಲೆ, ಪ್ರಮಾಣದ ಪ್ರಶ್ನೆಯ ಮೇಲೆ. ಆ ಚರ್ಚೆಯ ದೊಡ್ಡ ಹೆಸರೊಂದು ಇದೇ ಯಾದಗಿರಿ ಜಿಲ್ಲೆಯ ಮಣ್ಣಿಗೆ ಸೇರಿದೆ.

ಯಾದಗಿರಿ ತಾಲ್ಲೂಕಿನ ಯರಗೋಳದಲ್ಲಿ ಒಂದು ಗುಹೆಯಿದೆ. ಟೀಕಾಚಾರ್ಯರೆಂದೇ ಹೆಸರಾದ ಜಯತೀರ್ಥರು ಹದಿನಾಲ್ಕನೆಯ ಶತಮಾನದಲ್ಲಿ ಅಲ್ಲಿ ಕುಳಿತು ಬರೆದರೆಂದು ಮಾಧ್ವ ಪರಂಪರೆ ನಂಬುತ್ತದೆ. ಅವರ 'ನ್ಯಾಯಸುಧಾ' ಪಂಡಿತರ ಗ್ರಂಥ. ಅದಕ್ಕಿಂತ ಬಹಳ ಚಿಕ್ಕದು 'ಪ್ರಮಾಣಪದ್ಧತಿ'. ಜ್ಞಾನ ಹೇಗೆ ಹುಟ್ಟುತ್ತದೆ, ಎಲ್ಲಿ ಕೆಡುತ್ತದೆ, ಅದನ್ನು ನಂಬುವುದು ಹೇಗೆ ಎಂಬುದೇ ಅದರ ವಿಷಯ. ನ್ಯಾಯ ದರ್ಶನದವರಾದ ನೈಯಾಯಿಕರು ನಾಲ್ಕು ಪ್ರಮಾಣ ಹೇಳಿದರೆ ಮಾಧ್ವರು ಮೂರಕ್ಕೆ ನಿಲ್ಲುತ್ತಾರೆ: ಪ್ರತ್ಯಕ್ಷ, ಅನುಮಾನ, ಆಗಮ. ಮೂರಕ್ಕೂ ಅವರು ಇಟ್ಟ ಷರತ್ತು ಒಂದೇ, ದೋಷವಿಲ್ಲದಿರುವುದು. ದೋಷವಿಲ್ಲದ ಇಂದ್ರಿಯ ದೋಷವಿಲ್ಲದ ವಸ್ತುವನ್ನು ಮುಟ್ಟಿದರೆ ಪ್ರತ್ಯಕ್ಷ. ದೋಷವಿಲ್ಲದ ಯುಕ್ತಿ ಅನುಮಾನ. ದೋಷವಿಲ್ಲದ ಮಾತು ಆಗಮ.

ಕಣ್ಣು ಸರಿಯಾಗಿದ್ದರೂ ವಸ್ತುವಿನ ಕಡೆಯಿಂದ ಯಾವ ದೋಷಗಳು ಬಂದಾವು ಎಂಬುದಕ್ಕೆ ಜಯತೀರ್ಥರು ಒಂದು ಪಟ್ಟಿಯನ್ನೇ ಕೊಡುತ್ತಾರೆ. ತೀರಾ ದೂರವಿರುವುದು, ತೀರಾ ಹತ್ತಿರವಿರುವುದು, ಬಹಳ ಸಣ್ಣದಾಗಿರುವುದು, ನಡುವೆ ಅಡ್ಡ ಬಂದಿರುವುದು, ತನ್ನಂಥದೇ ಇನ್ನೊಂದರಲ್ಲಿ ಬೆರೆತುಹೋಗಿರುವುದು. ಕಟ್ಟಡದ ಫೋಟೊ ತೆಗೆದು ಅಭ್ಯಾಸವಿದ್ದವರು ಈ ಪಟ್ಟಿ ಓದಿದರೆ ತಮ್ಮ ಕೆಲಸವನ್ನೇ ಕಾಣುತ್ತಾರೆ. ಡ್ರೋನ್ ಮೇಲಕ್ಕೇರಿದರೆ ತಾರಸಿಯ ಇಳಿಜಾರು ತಪ್ಪಿರುವುದು ತಿಳಿಯುವುದಿಲ್ಲ, ಅದು ದೂರದ ದೋಷ. ವೈಡ್ ಲೆನ್ಸಿನಲ್ಲಿ ಹತ್ತಿರದಿಂದ ತೆಗೆದರೆ ಹತ್ತು ಅಡಿಯ ಕೋಣೆ ಹದಿನೈದು ಅಡಿಯಂತೆ ಕಾಣುತ್ತದೆ, ಅದು ಸಮೀಪದ ದೋಷ. ಕೂದಲೆಳೆಯಷ್ಟು ಬಿರುಕು ಫೋನಿನ ಪರದೆಯಲ್ಲಿ ಕಾಣಸಿಗದು, ಅದು ಸೂಕ್ಷ್ಮದ ದೋಷ. ಎಲ್ಲಕ್ಕಿಂತ ದೊಡ್ಡದು ನಡುವೆ ಅಡ್ಡ ಬರುವ ದೋಷ, ಅಂದರೆ ಗಿಲಾವು. ಕಾಂಕ್ರೀಟು ಸರಿಯಾಗಿ ತುಂಬದೆ ಜೇನುಗೂಡಿನಂತೆ ತೂತುಬಿದ್ದ ಕಂಬಕ್ಕೂ ಗಟ್ಟಿ ಕಂಬಕ್ಕೂ ಗಿಲಾವು ಬಿದ್ದು ಬಣ್ಣ ಹತ್ತಿದ ಮೇಲೆ ಚಿತ್ರದಲ್ಲಿ ಯಾವ ವ್ಯತ್ಯಾಸವೂ ಇರುವುದಿಲ್ಲ. ಕಟ್ಟಡವನ್ನು ಎತ್ತಿ ಹಿಡಿಯುವುದು ಒಳಗಿನ ಕಂಬಿ. ಮುಗಿದ ಕಾಮಗಾರಿಯ ಚಿತ್ರದಲ್ಲಿ ಅದು ಎಂದೂ ಕಾಣುವುದಿಲ್ಲ.

ಹಾಗಾದರೆ ಫೋಟೊ ಪ್ರತ್ಯಕ್ಷವೇ? ಯಾದಗಿರಿಯ ಕಟ್ಟಡವನ್ನು ಬೆಂಗಳೂರಿನ ಕಚೇರಿಯ ಅಧಿಕಾರಿ ಪರದೆಯ ಮೇಲೆ ನೋಡಿದಾಗ ಅವರ ಕಣ್ಣು ಮುಟ್ಟುವುದು ಪರದೆಯನ್ನು, ಕಟ್ಟಡವನ್ನಲ್ಲ. ಎಲ್ಲಿ ನಿಲ್ಲಬೇಕು, ಯಾವಾಗ ಒತ್ತಬೇಕು, ಏನನ್ನು ಹೊರಗಿಡಬೇಕು ಎಂಬುದನ್ನೆಲ್ಲ ಬೇರೊಬ್ಬರು ಅವರ ಪರವಾಗಿ ಆಗಲೇ ತೀರ್ಮಾನಿಸಿದ್ದಾರೆ. ಆದ್ದರಿಂದ ಫೋಟೊ ಸೇರಬೇಕಾದ್ದು ಮೂರನೆಯ ಗುಂಪಿಗೆ. ಅದು ಒಬ್ಬರು ಇನ್ನೊಬ್ಬರಿಗೆ ಹೇಳಿದ ಮಾತು. ಮಾತು ಪ್ರಮಾಣವಾಗುವುದು ಹೇಳಿದವರು ನಂಬಿಕೆಗೆ ಅರ್ಹರಾಗಿದ್ದರೆ ಮಾತ್ರ. ಕ್ಯಾಮೆರಾ ಸುಳ್ಳು ಹೇಳುವುದಿಲ್ಲ ಎಂದು ಜನ ನಂಬಿರುವುದರಿಂದ, ಬಾಯಿಮಾತಿಗೆ ಕೇಳುವ ಪ್ರಶ್ನೆಗಳನ್ನು ಚಿತ್ರಕ್ಕೆ ಯಾರೂ ಕೇಳುವುದಿಲ್ಲ. ಅಪಾಯ ಇರುವುದು ಅಲ್ಲಿ.

ಈ ಅಪಾಯ ಎಂಥದ್ದು ಎಂಬುದನ್ನು ಯಾದಗಿರಿ ಜಿಲ್ಲೆಯೇ ನಾಡಿಗೆ ತೋರಿಸಿಕೊಟ್ಟಿತು. ಉದ್ಯೋಗ ಖಾತ್ರಿ ಯೋಜನೆಯಲ್ಲಿ ಕಾಮಗಾರಿಯ ಮೊದಲು, ನಡುವೆ, ಕೊನೆಗೆ ಹೀಗೆ ಮೂರು ಹಂತದಲ್ಲಿ ಸ್ಥಳದ ಗುರುತಿರುವ ಫೋಟೊ ತೆಗೆಯುವ ಪದ್ಧತಿ 2017ರ ನವೆಂಬರಿನಲ್ಲಿ ಬಂತು. 2023ರ ಜನವರಿ 1ರಿಂದ ವೈಯಕ್ತಿಕ ಫಲಾನುಭವಿಗಳ ಕೆಲಸ ಬಿಟ್ಟು ಉಳಿದೆಲ್ಲ ಕಡೆ ಕೂಲಿಕಾರರ ಹಾಜರಿಯನ್ನೂ ದಿನಕ್ಕೆರಡು ಫೋಟೊ ಸಮೇತ ಆ್ಯಪಿನಲ್ಲಿ ಹಾಕುವುದು ಕಡ್ಡಾಯವಾಯಿತು. ಕಳ್ಳ ಹಾಜರಿಗೆ ಇದೇ ಮದ್ದು ಎಂದು ನಂಬಲಾಗಿತ್ತು. 2025ರ ಏಪ್ರಿಲಿನಲ್ಲಿ ಜಿಲ್ಲೆಯ ಒಂದು ಗ್ರಾಮದ ಹಾಜರಿ ಚಿತ್ರಗಳು ಸುದ್ದಿಯಾದವು. ಹೆಣ್ಣುಮಕ್ಕಳ ಲೆಕ್ಕಕ್ಕೆ ಸೀರೆ ಉಟ್ಟು ಸೆರಗು ಹೊದ್ದು ನಿಂತವರು ಗಂಡಸರು! ಅದೇ ವರ್ಷ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಹೊರಡಿಸಿದ ಸುತ್ತೋಲೆ ದೇಶದ ಉದ್ದಗಲಕ್ಕೂ ನಡೆದ ಇಂಥ ದುರ್ಬಳಕೆಯನ್ನು ಪಟ್ಟಿ ಮಾಡಿತು: ಸಂಬಂಧವಿಲ್ಲದ ಚಿತ್ರ, ಚಿತ್ರದ ಮೇಲಿಂದ ತೆಗೆದ ಚಿತ್ರ, ಒಂದೇ ಚಿತ್ರವನ್ನು ಹಲವು ಹಾಜರಿಪಟ್ಟಿಗೆ ಹಚ್ಚುವುದು. ಇಂಥ ಚಿತ್ರಕ್ಕೆ ಸ್ಥಳವೂ ಸಮಯವೂ ಸರಿಯಾಗಿದ್ದೀತು. ಹೇಳುವ ಮಾತು ಮಾತ್ರ ಸುಳ್ಳು.

ಉದ್ಯೋಗ ಖಾತ್ರಿಯಲ್ಲಿ ಮಾತ್ರವಲ್ಲ, ಉಳಿದ ಕಾಮಗಾರಿಗಳಲ್ಲೂ ಚಿತ್ರಕ್ಕೆ ಈಗ ದೊಡ್ಡ ಸ್ಥಾನ. 2009ರ ಡಿಸೆಂಬರ್ 30ರಂದು ಗುಲಬರ್ಗಾದಿಂದ ಬೇರೆಯಾಗಿ ಜಿಲ್ಲೆಯಾದ ಯಾದಗಿರಿಗೆ ಎಲ್ಲವನ್ನೂ ಹೊಸದಾಗಿ ಕಟ್ಟಿಕೊಳ್ಳಬೇಕಿತ್ತು. ಕಚೇರಿ, ಆಸ್ಪತ್ರೆ, ವೈದ್ಯಕೀಯ ಕಾಲೇಜು, ವಸತಿನಿಲಯ, ರಸ್ತೆ. 2012ರ 98ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿ ಸೇರಿದ ಮೇಲೆ ಕಲ್ಯಾಣ ಕರ್ನಾಟಕದ ಅಭಿವೃದ್ಧಿ ಮಂಡಳಿಯ ಹಣವೂ ಹರಿಯಿತು. ಪಂಚಾಯತ್ ರಾಜ್ ಇಲಾಖೆಯ 'ಗಾಂಧಿ ಸಾಕ್ಷಿ ಕಾಯಕ' ತಂತ್ರಾಂಶಕ್ಕೆ ಕೆಲಸದ ಹಂತಹಂತದ ಚಿತ್ರ ಹತ್ತಬೇಕು. ಗುತ್ತೇದಾರರಿಗೆ ಮುಂದಿನ ಟೆಂಡರಿಗೆ ಹಿಂದೆ ಮಾಡಿದ ಕೆಲಸ ತೋರಿಸಬೇಕು. ಖಾಸಗಿ ಮನೆ ಕಟ್ಟುವವರಿಗೆ ಮುಂದಿನ ಗಿರಾಕಿ ಬರುವುದೇ ಹಿಂದಿನ ಮನೆಯ ಫೋಟೊ ನೋಡಿ. ಮದುವೆ, ಜವಳದ ಫೋಟೊ ತೆಗೆಯುವ ಸ್ಟುಡಿಯೊದವರಿಗೂ ಇದರಿಂದ ಒಂದು ಹೊಸ ದುಡಿಮೆ ಹುಟ್ಟಿದೆ. ಅದು ಗೌರವದ ದುಡಿಮೆ. ಪ್ರಶ್ನೆ ಇರುವುದು ಅದನ್ನು ಯಾವ ಧರ್ಮದಿಂದ ನಡೆಸಬೇಕು ಎಂಬುದರಲ್ಲಿ.

ಕಟ್ಟಡದ ಚಿತ್ರಗಾರಿಕೆಗೆ ಈ ನೆಲದಲ್ಲಿ ಹಳೆಯ ನಂಟೂ ಇದೆ. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಕಟ್ಟಿಸಿದ ಮೆಡೋಸ್ ಟೇಲರ್ 1841ರಿಂದ 1853ರವರೆಗೆ ಅಲ್ಲಿ, ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನ ಸಂಸ್ಥಾನವನ್ನು ನೋಡಿಕೊಂಡಿದ್ದ ಅಧಿಕಾರಿ. ಶಹಾಪುರದ ಹತ್ತಿರದ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ನೆಟ್ಟ ಪ್ರಾಚೀನ ಬಂಡೆಗಳನ್ನು ಗುರುತಿಸಿ ಬರೆದವನೂ ಅವನೇ. 1866ರಲ್ಲಿ ಲಂಡನ್ನಿನಿಂದ ಬಿಜಾಪುರದ ಕಟ್ಟಡಗಳ ಬಗ್ಗೆ ಒಂದು, ಧಾರವಾಡ ಮತ್ತು ಮೈಸೂರು ಸೀಮೆಯ ಕಟ್ಟಡಗಳ ಬಗ್ಗೆ ಇನ್ನೊಂದು, ಹೀಗೆ ಎರಡು ದೊಡ್ಡ ಫೋಟೊ ಪುಸ್ತಕಗಳು ಹೊರಬಂದವು. ಬಿಗ್ಸ್, ಪಿಗೌ ಮೊದಲಾದ ಸೈನ್ಯ ಮತ್ತು ವೈದ್ಯಕೀಯ ಸೇವೆಯವರು ತೆಗೆದ ಆ ಚಿತ್ರಗಳಿಗೆ ಇತಿಹಾಸದ ಬರಹ ಕೊಟ್ಟವನು ಟೇಲರ್. ಕರ್ನಾಟಕದ ಕಟ್ಟಡಗಳನ್ನು ಕ್ಯಾಮೆರಾದಿಂದ ಲೋಕಕ್ಕೆ ಪರಿಚಯಿಸಿದ ಮೊದಲ ಪುಸ್ತಕಗಳ ಸಾಲಿಗೆ ಇವು ಸೇರುತ್ತವೆ. ಹಾಗೆಯೇ ಈ ಸೀಮೆ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲದಲ್ಲಿ ನಿಜಾಮರ ಫೋಟೊಗ್ರಾಫರ್ ಆಗಿದ್ದ ಲಾಲಾ ದೀನ್ ದಯಾಳ್ ರೂರ್ಕಿಯಲ್ಲಿ ಎಂಜಿನಿಯರಿಂಗ್ ಕಲಿತು ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ ನಕ್ಷೆ, ಅಂದಾಜುಪಟ್ಟಿ ಮಾಡುತ್ತಿದ್ದವರು. ಎಸ್ಟಿಮೇಟು ಬರೆದ ಕೈಯೇ ಮುಂದೆ ಕ್ಯಾಮೆರಾ ಹಿಡಿಯಿತು. ಅರಮನೆಗಳ ಜತೆಗೆ ಬರಗಾಲದ ಪರಿಹಾರ ಕಾಮಗಾರಿಗಳನ್ನೂ ಚಿತ್ರದಲ್ಲಿ ಉಳಿಸಿತು.

ಹತ್ತೊಂಬತ್ತನೆಯ ಶತಮಾನದ ಕಟ್ಟಡ ಚಿತ್ರಗಳಲ್ಲಿ ಕಂಬದ ಪಕ್ಕ ಒಬ್ಬ ಮನುಷ್ಯನನ್ನು ನಿಲ್ಲಿಸುವ ರೂಢಿಯಿತ್ತು. ಕಟ್ಟಡದ ಎತ್ತರ ತಿಳಿಯಲಿ ಎಂದು. ಅವನ ಹೆಸರನ್ನು ಬರೆದಿಡುವ ರೂಢಿ ಇರಲಿಲ್ಲ. ಇಂದಿನ ಚಿತ್ರದಲ್ಲಿ ಅವನೂ ಇಲ್ಲ.

ಕಲ್ಲಿನಲ್ಲಿ ಕಟ್ಟಿದ ಕಾಲದವರು ಈ ವಿಷಯದಲ್ಲಿ ಹೆಚ್ಚು ಉದಾರಿಗಳಾಗಿದ್ದರು. ಎಂಟನೆಯ ಶತಮಾನದಲ್ಲಿ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ ಮುಗಿದಾಗ, ಕಟ್ಟಿಸಿದ ರಾಣಿ ಲೋಕಮಹಾದೇವಿಯ ಹೆಸರಿನ ಜತೆಗೆ ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯ ಹೆಸರೂ ಶಾಸನಕ್ಕೆ ಬಂತು. ಅವನಿಗೆ ತ್ರಿಭುವನಾಚಾರಿ ಎಂಬ ಬಿರುದೂ ಸಂದಿತು. ಶಹಾಪುರ ಸೀಮೆಯಿಂದ ಭೀಮಾ ದಾಟಿದರೆ ಸಿಗುವ ಸನ್ನತಿ ಬಳಿಯ ಕನಗನಹಳ್ಳಿಯ ಬೌದ್ಧ ಸ್ತೂಪದಲ್ಲಿ ಅಶೋಕನ ಶಿಲ್ಪದ ಮೇಲೆ ಅವನ ಹೆಸರು ಬ್ರಾಹ್ಮಿಯಲ್ಲಿ ಕೊರೆದಿದೆ. ಅಷ್ಟೇ ಮುಖ್ಯವಾದದ್ದು, ಆ ಸ್ತೂಪಕ್ಕೆ ಕಲ್ಲು ಕೊಟ್ಟ ಸಾಮಾನ್ಯ ದಾನಿಗಳ ಹೆಸರುಗಳೂ ಅಲ್ಲಿವೆ. ಮುಗಿದ ಕೆಲಸದ ಗುರುತು ಯಾರದು ಎಂಬ ಪ್ರಶ್ನೆಗೆ ಆ ಕಲ್ಲುಗಳ ಉತ್ತರ ಸ್ಪಷ್ಟ: ಕೈಹಾಕಿದವರೆಲ್ಲರದು.

ಇಲ್ಲಿ ಒಂದು ಧಾರ್ಮಿಕ ಆಕ್ಷೇಪ ಏಳುತ್ತದೆ, ಅದನ್ನು ಹಗುರವಾಗಿ ಕಾಣಬಾರದು. ಮಾಡಿದ್ದನ್ನು ಹೇಳಿಕೊಳ್ಳುವುದೇ ತಪ್ಪಲ್ಲವೆ? ಫಲದ ಮೇಲೆ ಹಕ್ಕು ಹೂಡಬೇಡ ಎನ್ನುತ್ತದೆ ಗೀತೆ. ನಾನು ಮಾಡಿದೆ ಎಂಬ ಭಾವ ಮನಸ್ಸಿನಲ್ಲಿ ಸುಳಿದರೂ ಕಾಯಕ ಕೆಟ್ಟಿತು ಎಂಬುದು ಶರಣರ ನಿಲುವು. ಬಸವಣ್ಣನಿಗಿಂತ ಹಿಂದೆಯೇ ವಚನ ಹೇಳಿದ ದೇವರ ದಾಸಿಮಯ್ಯ ಇದೇ ಸುರಪುರ ಸೀಮೆಯ ಮುದನೂರಿನವನು, ಮಗ್ಗದ ಮುಂದೆ ಕುಳಿತ ನೇಕಾರ. ಕೃಷ್ಣಾ ದಂಡೆಯ ತಿಂಥಣಿಯಲ್ಲಿ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುವ ಮೌನೇಶ್ವರ ವಿಶ್ವಕರ್ಮ ಕುಲದಲ್ಲಿ, ಕಟ್ಟುವ ಕೆತ್ತುವ ಜನರ ನಡುವೆ ಹುಟ್ಟಿದವನು. ಇಂಥ ನೆಲದಲ್ಲಿ ಗುತ್ತೇದಾರನೊಬ್ಬ ತನ್ನ ಕೆಲಸದ ಚಿತ್ರ ತೆಗೆಸಿ ಫ್ಲೆಕ್ಸಿಗೆ ಹಾಕಿದರೆ ಅದು ಅಹಂಕಾರವಲ್ಲವೆ?

ಚಿತ್ರ ತೆಗೆಸುವುದು ಅಹಂಕಾರವಲ್ಲ. ದುಡಿದವನು ತನ್ನ ಕೆಲಸ ತೋರಿಸದೆ ಅನ್ನ ಹುಟ್ಟದು, ನೇಕಾರನೂ ಸೀರೆ ಬಿಡಿಸಿ ತೋರಿಸಿಯೇ ಮಾರುತ್ತಾನೆ. ಅಹಂಕಾರ ಇರುವುದು ಹಲವರು ಮಾಡಿದ್ದನ್ನು ಒಬ್ಬರು ಮಾಡಿದ್ದಾಗಿ ತೋರಿಸುವುದರಲ್ಲಿ. ಅದು ಶೀಲದ ದೋಷ ಮಾತ್ರವಲ್ಲ, ಪ್ರಮಾಣದ ದೋಷವೂ ಹೌದು, ಏಕೆಂದರೆ ಆ ಮಾತು ನಿಜವಲ್ಲ. ಯಾದಗಿರಿ ಜಿಲ್ಲೆಗೆ ಇದು ಬೇರೆಯವರಿಗಿಂತ ಚೆನ್ನಾಗಿ ಗೊತ್ತಿರಬೇಕು. ಮಳೆ ಕೈಕೊಟ್ಟ ವರ್ಷ ಇಲ್ಲಿಯ ಊರುಗಳಿಂದ ಕುಟುಂಬಗಳು ಗುಳೆ ಹೊರಟು ಬೆಂಗಳೂರು, ಹೈದರಾಬಾದ್, ಪುಣೆ, ಮುಂಬಯಿಗಳ ಕಟ್ಟಡಗಳ ಕೆಲಸಕ್ಕೆ ಸೇರುತ್ತವೆ. ಅಲ್ಲಿ ತಗಡಿನ ಶೆಡ್ಡಿನಲ್ಲಿದ್ದು ಕಟ್ಟಿದ ಬಹುಮಹಡಿ ಮನೆಗಳ ಹೊಳೆಯುವ ಚಿತ್ರಗಳು ಜಾಹೀರಾತಿನಲ್ಲಿ ಬರುತ್ತವೆ. ಆ ಚಿತ್ರಗಳಲ್ಲಿ ಸುರಪುರ ತಾಲ್ಲೂಕಿನ ಹೆಣ್ಣುಮಗಳೊಬ್ಬಳು ತಲೆಯ ಮೇಲೆ ಹೊತ್ತ ಬುಟ್ಟಿ ಎಲ್ಲೂ ಇಲ್ಲ. ಹೊರಗಿನವರು ನಮ್ಮವರನ್ನು ಚಿತ್ರದಿಂದ ಅಳಿಸಿದರು ಎಂದು ನೋಯುವವರು ತಮ್ಮ ಊರಿನ ಚಿತ್ರದಲ್ಲಿ ಅದನ್ನೇ ಮಾಡಬಾರದು.

ಇನ್ನು ಉಳಿದದ್ದು ನಂಬುವುದು ಹೇಗೆ ಎಂಬ ಪ್ರಶ್ನೆ. ನ್ಯಾಯ ದರ್ಶನದವರು ಮತ್ತೆ ಮತ್ತೆ ಕೊಡುವ ಉದಾಹರಣೆ ನೀರಿನದು. ದೂರದಲ್ಲಿ ನೀರು ಕಂಡಿತು. ಅದು ನೀರೋ ಬಿಸಿಲ್ಗುದುರೆಯೋ ಎಂದು ಕಣ್ಣೊಂದೇ ಹೇಳಲಾರದು. ಹತ್ತಿರ ಹೋಗಿ ಕುಡಿದು ದಾಹ ಆರಿದರೆ ಮೊದಲು ಕಂಡದ್ದು ನಿಜ. ಜ್ಞಾನದ ನಿಜಕ್ಕೆ ಅದರಿಂದ ನಡೆದ ಕೆಲಸ ಕೈಗೂಡುವುದೇ ಪರೀಕ್ಷೆ ಎಂದು ಅವರ ವಾದ. ಮಾಧ್ವರು ಇದನ್ನು ಹಾಗೆಯೇ ಒಪ್ಪುವುದಿಲ್ಲ. ನಿಜವನ್ನು ನಿಜವೆಂದು ಕೊನೆಗೆ ಗುರುತಿಸುವುದು ಆತ್ಮದಲ್ಲೇ ಇರುವ ಸಾಕ್ಷಿ ಎನ್ನುತ್ತಾರೆ. ಆದರೆ ಸಂಶಯ ಬಂದಲ್ಲಿ ಪರೀಕ್ಷೆ ಬೇಕೆಂಬುದನ್ನು ಅವರೂ ಬಿಟ್ಟುಕೊಡುವುದಿಲ್ಲ.

ಈ ಜಿಲ್ಲೆಯಲ್ಲಿ ಆ ಉದಾಹರಣೆ ಪುಸ್ತಕದ ಮಾತಾಗಿ ಉಳಿಯುವುದಿಲ್ಲ. 1964ರ ಮೇ 22ರಂದು ಲಾಲ್ ಬಹಾದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಜಲಾಶಯ, ಅಂದರೆ ಬಸವಸಾಗರ, ಇಲ್ಲಿಯ ಹೊಲಗಳಿಗೆ ನೀರು ಕೊಡುತ್ತದೆ. ಭೀಮರಾಯನಗುಡಿಯ ಕ್ಯಾಂಪು ಬೆಳೆದದ್ದೇ ಆ ಯೋಜನೆಯಿಂದ. 2023ರ ಜನವರಿ 19ರಂದು ಪ್ರಧಾನಿಯವರು ಕೊಡೇಕಲ್ಲಿಗೆ ಬಂದು ನಾರಾಯಣಪುರ ಎಡದಂಡೆ ಕಾಲುವೆಯ ನವೀಕರಣ ಕಾಮಗಾರಿಯನ್ನು ಉದ್ಘಾಟಿಸಿದರು. 10,000 ಕ್ಯೂಸೆಕ್ ಸಾಮರ್ಥ್ಯ, 4.5 ಲಕ್ಷ ಹೆಕ್ಟೇರ್ ಅಚ್ಚುಕಟ್ಟು. ಕಾಲುವೆಯ ಆರಂಭದಲ್ಲಿ ಗೇಟಿನ ಮುಂದೆ ನಿಂತು ತೆಗೆದರೆ ತುಂಬಿ ಹರಿಯುವ ನೀರಿನ ಚಿತ್ರ ಯಾರಿಗೂ ಸಿಗುತ್ತದೆ, ಅದು ಸುಳ್ಳೂ ಅಲ್ಲ. ಆದರೆ ಕಾಲುವೆ ಮುಗಿದಿದೆಯೆ ಎಂಬುದಕ್ಕೆ ಉತ್ತರ ಇರುವುದು ವಿತರಣಾ ಕಾಲುವೆ, ಹೊಲಗಾಲುವೆ ಎಲ್ಲ ದಾಟಿದ ಮೇಲೆ ಕೊನೆಯಂಚಿನ ರೈತನ ಹೊಲದಲ್ಲಿ. ಕೊನೆಯಂಚಿಗೆ ನೀರು ಬರುತ್ತಿಲ್ಲ ಎಂಬ ಕೂಗು ಈ ಭಾಗದಲ್ಲಿ ಹಳೆಯದು. ನೈಯಾಯಿಕರ ಪರೀಕ್ಷೆಯಂತೆ ಅಲ್ಲಿ ಭತ್ತದ ಮಡಿ ನೆನೆದ ದಿನ ಕಾಮಗಾರಿ ಮುಗಿದ ದಿನ.

ಕಟ್ಟಡಕ್ಕೂ ಇದೇ ನ್ಯಾಯ. ಶಾಲೆಯ ಕೋಣೆಗೆ ಪರೀಕ್ಷೆ ಮೊದಲ ಮಳೆಗಾಲ. ಆಸ್ಪತ್ರೆಗೆ ಪರೀಕ್ಷೆ ಮೊದಲ ಹೆರಿಗೆ. ರಸ್ತೆಗೆ ಪರೀಕ್ಷೆ ಕಬ್ಬು, ಹತ್ತಿ ತುಂಬಿದ ಲಾರಿಗಳು. ಸರಕಾರದ ಕರಾರಿನಲ್ಲೂ ಈ ತಿಳಿವಳಿಕೆ ಇದೆ. ಕೆಲಸ ಮುಗಿದ ಮೇಲೂ ದೋಷ ಕಂಡರೆ ಸರಿಪಡಿಸುವ ಹೊಣೆಯ ಅವಧಿ ಗುತ್ತೇದಾರರ ಮೇಲಿರುತ್ತದೆ, ಅಲ್ಲಿಯವರೆಗೆ ಠೇವಣಿಯ ಹಣ ಇಲಾಖೆಯಲ್ಲೇ ಉಳಿಯುತ್ತದೆ. ಕಾನೂನಿಗೆ ಗೊತ್ತಿರುವ ಈ ಸಂಗತಿಯನ್ನು ಫೋಟೊ ಮಾತ್ರ ಇನ್ನೂ ಕಲಿತಿಲ್ಲ. ಅದು ಬಣ್ಣ ಆರದ ಸಂಜೆಗೇ ತೀರ್ಪು ಕೊಟ್ಟು ಎದ್ದುಹೋಗುತ್ತದೆ.

ಆದ್ದರಿಂದ ಯಾದಗಿರಿ, ಶಹಾಪುರ, ಸುರಪುರದ ಗುತ್ತೇದಾರರಲ್ಲೂ ಫೋಟೊಗ್ರಾಫರುಗಳಲ್ಲೂ ಒಂದು ವಿನಂತಿ. ಸಂಜೆಯ ಆ ಸುಂದರ ಚಿತ್ರವನ್ನು ಖಂಡಿತ ತೆಗೆಯಿರಿ, ಕಷ್ಟಪಟ್ಟು ಕಟ್ಟಿದ್ದು ಚೆನ್ನಾಗಿ ಕಾಣಲಿ. ಅದರ ಜತೆಗೆ ಇನ್ನೂ ಮೂರು ಚಿತ್ರ ಇರಲಿ. ಕಾಂಕ್ರೀಟು ಬೀಳುವ ಮೊದಲಿನ ಸ್ಲ್ಯಾಬಿನದು ಒಂದು: ಕಂಬಿಗಳ ಮೇಲೆ ಅಡ್ಡಲಾಗಿ ಅಳತೆಪಟ್ಟಿ ಇಟ್ಟು, ಎಷ್ಟು ಇಂಚಿಗೊಂದು ಕಂಬಿ ಬಿದ್ದಿದೆ ಎಂದು ಅಂಕಿ ಓದಲು ಬರುವ ಹಾಗೆ, ಕೆಳಗಿನ ಕವರ್ ಬ್ಲಾಕೂ ಕಾಣುವ ಹಾಗೆ. ಗೌಂಡಿಯಿಂದ ಹಿಡಿದು ನೀರು ಹೊಡೆದವರವರೆಗೆ ಎಲ್ಲರನ್ನೂ ಅವರ ಒಪ್ಪಿಗೆ ಕೇಳಿ ಕಟ್ಟಡದ ಮುಂದೆ ನಿಲ್ಲಿಸಿ ತೆಗೆದದ್ದು ಇನ್ನೊಂದು, ಕೆಳಗೆ ಅವರ ಹೆಸರು ಬರೆದು. ಎರಡು ಮಳೆಗಾಲ ಕಳೆದ ಮೇಲೆ ಅದೇ ಜಾಗದಲ್ಲಿ ಟ್ರೈಪಾಡು ಊರಿ, ಅದೇ ಗೋಡೆಯನ್ನು ತಿದ್ದುಪಡಿಯಿಲ್ಲದೆ ತೆಗೆದದ್ದು ಮತ್ತೊಂದು. ಬಿಲ್ಲು ಪಾಸು ಮಾಡುವ ಕಚೇರಿಗಳು ಮತ್ತು ಮನೆ ಕಟ್ಟಿಸಲು ಹೊರಟ ಮಾಲೀಕರು ಗುತ್ತೇದಾರರನ್ನು ಆರಿಸುವಾಗ ಮೊದಲು ಈ ಮೂರು ಚಿತ್ರಗಳನ್ನು ಕೇಳಲಿ.